ಶಿಲಾರೋಹಣ ಸಾಧನಗಳು: ಬಂಡೆಗೂ ಪದ್ಧತಿಗೂ ತಕ್ಕ ಆಯ್ಕೆ

ಶಿಲಾರೋಹಣದ ಶೂ, ಹಗ್ಗ, ಹಾರ್ನೆಸ್, ಕ್ಯಾರಬಿನರ್, ಬಿಲೇ ಸಾಧನ, ಹೆಲ್ಮೆಟ್, ಕ್ರ್ಯಾಶ್ ಪ್ಯಾಡ್ ಮತ್ತು ಬಿರುಕಿನಲ್ಲಿ ಸಿಕ್ಕಿಸುವ ಲೋಹದ ಬೆಣೆಗಳ ಆಯ್ಕೆ ಮೂರು ಸಂಗತಿಗಳ ಮೇಲೆ ನಿಂತಿದೆ. ಬಂಡೆ ಯಾವ ಜಾತಿಯದು, ಅದನ್ನು ಯಾವ ಪದ್ಧತಿಯಲ್ಲಿ ಏರುತ್ತಾರೆ, ಕೈ ಜಾರಿದರೆ ಆರೋಹಿ ಎಷ್ಟು ದೂರ ಬಿದ್ದು ಯಾವುದರ ಮೇಲೆ ನಿಲ್ಲುತ್ತಾರೆ. ಬೆಲೆಯೂ ಕಂಪನಿಯ ಹೆಸರೂ ಆಮೇಲಿನ ಮಾತು. ಹಂಪಿಯ ಗುಂಡುಗಳಿಗೆ ಹೋಗುವವರಿಗೆ ಹಗ್ಗವೇ ಬೇಕಾಗದಿರಬಹುದು. ಸಾವನದುರ್ಗದ ದೊಡ್ಡ ಬಂಡೆಗೆ ಹೋಗುವವರಿಗೆ ಒಂದು ಹಗ್ಗ ಸಾಲದೇ ಹೋಗಬಹುದು.

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳು ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ಇಲ್ಲಿ ಹೆಸರಾದ ಶಿಲಾರೋಹಣ ತಾಣವಿಲ್ಲ. ಆದರೆ ಹುಮನಾಬಾದ್ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರು. ಪುಣೆ–ಹೈದರಾಬಾದ್ ನಡುವಿನ 65ನೆಯ ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 150 ಕಿ.ಮೀ. ಹೋದರೆ ತೆಲಂಗಾಣದ ಗ್ರಾನೈಟ್ ಸಿಗುತ್ತದೆ. ಪಶ್ಚಿಮಕ್ಕೆ ಸೊಲ್ಲಾಪುರ, ಪುಣೆ ದಾಟಿದರೆ ಸಹ್ಯಾದ್ರಿಯ ಬಸಾಲ್ಟ್ ಕಡಿದುಗಳು. 50ನೆಯ ಹೆದ್ದಾರಿ ಕಲಬುರಗಿ, ವಿಜಯಪುರ, ಹೊಸಪೇಟೆಗಳ ಮೂಲಕ ಚಿತ್ರದುರ್ಗದವರೆಗೆ ಸಾಗುತ್ತದೆ. ಹಂಪಿ ಅದರ ಮಗ್ಗುಲಲ್ಲೇ ಇದೆ, ಬಾದಾಮಿಗೆ ನಡುವೆ ತಿರುಗಿಕೊಳ್ಳಬೇಕು. ಈ ಊರುಗಳಿಂದ ಹೊರಡುವ ಆರೋಹಿಯ ಚೀಲದಲ್ಲಿ ಏನಿರಬೇಕೆಂಬುದು ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಅವಲಂಬಿಸಿದೆ.

ಕಲ್ಯಾಣದ ನೆಲ

ಈ ಭಾಗದ ತಳಪಾಯ ದಖ್ಖನ್ ಟ್ರ್ಯಾಪ್ ಎಂದು ಕರೆಯುವ ಬಸಾಲ್ಟ್, ಜನರ ಮಾತಿನ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿ ಆದದ್ದು. ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಅದು ಹೊದ್ದಿದೆ. ಒಂದು ಪದರ ಗಟ್ಟಿ, ಇನ್ನೊಂದು ಗುಳ್ಳೆಗುಳ್ಳೆ, ಕೆಲವೆಡೆ ಎರಡರ ನಡುವೆ ಕೆಂಪು ಜೇಡಿಯ ತೆಳು ಪಟ್ಟಿ. ಅದರ ಮೇಲೆ ಹಲವೆಡೆ ಜಂಬಿಟ್ಟಿಗೆಯ ಹೊದಿಕೆಯಿದೆ. ಬೀದರ ಕೋಟೆಯ ಕಂದಕ ಕಡಿದದ್ದು ಈ ಕೆಂಪು ಕಲ್ಲಿನಲ್ಲೇ.

ಜಂಬಿಟ್ಟಿಗೆ ಕಡಿಯುವಾಗ ಮೆದು, ಗಾಳಿಗೆ ತೆರೆದ ಮೇಲೆ ಗಡುಸು. ಹೊರಮೈ ಗಟ್ಟಿಯಾಗಿ ಕಂಡರೂ ಒಳಗೆ ರಂಧ್ರಗಳು, ಜೇಡಿ. ಹೀಗಾಗಿ ಹಿಡಿ ಮುರಿಯುವುದು ಸಾಮಾನ್ಯ. ಮಳೆಗಾಲದ ನಂತರವಂತೂ ನಂಬಲಾಗದು. ಕೊರೆದು ಬಿಗಿಸುವ ಬೋಲ್ಟು ಅದರಲ್ಲಿ ಕಚ್ಚಿ ನಿಲ್ಲುವುದಿಲ್ಲ. ಯಾವ ದುಬಾರಿ ಸಾಧನವೂ ಮೆದು ಕಲ್ಲಿನ ಕೊರತೆಯನ್ನು ತುಂಬಿಕೊಡಲಾರದು. ಬಸವಕಲ್ಯಾಣದ ಕೋಟೆ, ಶರಣರ ಹೆಸರಿನ ಗವಿಗಳು, ನಾರಾಯಣಪುರ ಮತ್ತು ಜಲಸಂಗಿಯ ಚಾಲುಕ್ಯ ದೇವಾಲಯಗಳು ಏರುವ ಜಾಗಗಳಲ್ಲ. ಮೊದಲನೆಯ ಕಾರಣ, ಅವು ಪರಂಪರೆಯ ಸ್ಥಳಗಳು, ಕೆಲವು ಶ್ರದ್ಧೆಯ ಸ್ಥಳಗಳೂ ಹೌದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಕಾನೂನಿನಂತೆ ಶಿಕ್ಷಾರ್ಹ. ಎರಡನೆಯದು, ಕಟ್ಟಿದ ಗೋಡೆಯ ಕಲ್ಲು ಮನುಷ್ಯನ ಭಾರಕ್ಕೆ ಎಲ್ಲಿ ಕಳಚುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ. 1670ರಲ್ಲಿ ಸಿಂಹಗಡವನ್ನು ಗೆಲ್ಲುವಾಗ ಶಿವಾಜಿಯ ಸೇನಾನಿ ತಾನಾಜಿಯ ಕಡೆಯವರು ಉಡದ ನಡುವಿಗೆ ಹಗ್ಗ ಕಟ್ಟಿ ಗೋಡೆ ಹತ್ತಿದರೆಂಬ ಕಥೆ ಮರಾಠಿ ಸೀಮೆಗೆ ತಾಗಿದ ಈ ಊರುಗಳಲ್ಲೂ ಕೇಳಿಬರುತ್ತದೆ. ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳುವುದು ಲೇಸು.

ಹಗ್ಗ

ಗಿಡ್ಡ ಗುಂಡುಗಳನ್ನು ಏರುವ ಬೌಲ್ಡರಿಂಗ್ ಒಂದನ್ನು ಬಿಟ್ಟರೆ ಎಲ್ಲ ಪದ್ಧತಿಗಳ ಕೇಂದ್ರ ಹಗ್ಗ. ಎರಡನೆಯ ಮಹಾಯುದ್ಧದವರೆಗೆ ಆರೋಹಿಗಳು ಬಳಸಿದ್ದು ನಾರಿನ ಹಗ್ಗ. ಬಿದ್ದವರ ಭಾರಕ್ಕೆ ಅದು ಕಡಿಯುವ ಭಯವಿತ್ತು, ಆದ್ದರಿಂದ ಮುಂದೆ ಹತ್ತುವವರು ಬೀಳಲೇಬಾರದು ಎಂಬುದೇ ಅಂದಿನ ನಿಯಮ. ನೈಲಾನ್ ಬಂದ ಮೇಲೆ ಆ ನಿಯಮ ಸಡಿಲವಾಯಿತು. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ತಿರುಳಿನ ಎಳೆಗಳ ಮೇಲೆ ನೇಯ್ದ ಕವಚ ಹೊದಿಸಿದ ಹಗ್ಗವನ್ನು ತಂದಿತು. ಇಂದಿನ ಎಲ್ಲ ಶಿಲಾರೋಹಣ ಹಗ್ಗಗಳೂ ಅದೇ ರಚನೆಯವು.

ಹಗ್ಗದಲ್ಲಿ ಎರಡು ಜಾತಿ: ಹಿಗ್ಗುವ ಡೈನಮಿಕ್ ಹಗ್ಗ ಮತ್ತು ಹೆಚ್ಚು ಹಿಗ್ಗದ ಸ್ಟ್ಯಾಟಿಕ್ ಹಗ್ಗ. ಬೀಳುವ ಮೈಯನ್ನು ಒಮ್ಮೆಗೇ ತಡೆದರೆ ಸೊಂಟ, ಬೆನ್ನು, ಆಧಾರದ ಬೋಲ್ಟು ಎಲ್ಲದರ ಮೇಲೂ ಭಾರೀ ಹೊಡೆತ ಬೀಳುತ್ತದೆ. ಡೈನಮಿಕ್ ಹಗ್ಗ ಹಿಗ್ಗುತ್ತಾ ಆ ಹೊಡೆತವನ್ನು ಹೆಚ್ಚು ಹೊತ್ತಿಗೆ ಹರಡುತ್ತದೆ. ಯುರೋಪಿನ ಇಎನ್ 892 ಮಾನದಂಡದಂತೆ ಒಂಟಿ ಹಗ್ಗವೊಂದು 80 ಕೆ.ಜಿ. ಭಾರದ ಕಠಿಣ ಬೀಳುಗಳನ್ನು ಕನಿಷ್ಠ 5 ಸಲ ತಡೆಯಬೇಕು, ಮೊದಲ ಬೀಳಿನ ಹೊಡೆತ 12 ಕಿಲೋನ್ಯೂಟನ್ ಮೀರಬಾರದು. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 102 ಕೆ.ಜಿ. ತೂಗುಹಾಕಿದಷ್ಟು ಬಲ.

ಬೀಳಿನ ತೀವ್ರತೆಯನ್ನು ಅಳೆಯಲು ಬಿದ್ದ ದೂರವನ್ನು ಆಗ ಬಿಟ್ಟಿದ್ದ ಹಗ್ಗದ ಉದ್ದದಿಂದ ಭಾಗಿಸುತ್ತಾರೆ. ಬಿಲೇ ಮಾಡುವವರಿಗಿಂತ, ಅಂದರೆ ಹಗ್ಗ ಹಿಡಿದು ಕಾಯುವವರಿಗಿಂತ, 5 ಮೀಟರ್ ಮೇಲಿದ್ದು ನಡುವೆ ಎಲ್ಲೂ ಹಗ್ಗವನ್ನು ಆಧಾರಕ್ಕೆ ಸಿಕ್ಕಿಸದ ಆರೋಹಿ ಬಿದ್ದರೆ, ಬಿಲೇ ಮಾಡುವವರನ್ನು ದಾಟಿ ಒಟ್ಟು 10 ಮೀಟರ್ ಬೀಳುತ್ತಾರೆ. ಹಗ್ಗ 5 ಮೀಟರ್, ಆದ್ದರಿಂದ ಅಂಕ 2. ಇದಕ್ಕಿಂತ ಕೆಟ್ಟದ್ದು ಸಾಮಾನ್ಯ ಆರೋಹಣದಲ್ಲಿ ಇಲ್ಲ. ಅದೇ 10 ಮೀಟರ್ ಬೀಳು 40 ಮೀಟರ್ ಹಗ್ಗದ ಮೇಲಾದರೆ ಅಂಕ 0.25 ಮಾತ್ರ. ನೆಲದ ಹತ್ತಿರದ, ಅಥವಾ ನಡುಬಂಡೆಯ ತಂಗುದಾಣ ಬಿಟ್ಟ ಕೂಡಲೇ ಆಗುವ ಸಣ್ಣ ಬೀಳು ಮೇಲಿನ ದೊಡ್ಡ ಬೀಳಿಗಿಂತ ಅಪಾಯಕಾರಿ ಆಗುವುದು ಹೀಗೆ.

ಹಳ್ಳಿಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಾವಿಗೆ, ಲಾರಿಯ ಹೊರೆಗೆ ಮಾರುವ ನೈಲಾನ್ ಅಥವಾ ಪ್ಲಾಸ್ಟಿಕ್ ಹಗ್ಗವನ್ನು ಶಿಲಾರೋಹಣಕ್ಕೆ ಬಳಸಬಾರದೆಂಬ ಮಾತಿನ ಹಿಂದೆ ಇರುವುದು ಈ ಲೆಕ್ಕವೇ. ಅದು ಎರಡು ಟನ್ ಎಳೆದರೂ ಕಡಿಯದಿರಬಹುದು. ಬೀಳುವವರ ಮೈಗೆ ಬೀಳುವ ಹೊಡೆತವನ್ನು ಅದು ತಗ್ಗಿಸುವುದಿಲ್ಲ. ಇಎನ್ 1891 ಮಾನದಂಡದ ಒಳ್ಳೆಯ ಸ್ಟ್ಯಾಟಿಕ್ ಹಗ್ಗಕ್ಕೂ ಇದೇ ಮಿತಿ. ಮೇಲಿನಿಂದ ಇಳಿಯಲು, ಮೇಲೆ ಆಧಾರ ಕಟ್ಟಲು, ರಕ್ಷಣಾ ಕೆಲಸಕ್ಕೆ ಅದು ಸರಿ. ಮುಂದೆ ಹತ್ತುವವರ ಸೊಂಟಕ್ಕಲ್ಲ.

ದಪ್ಪದ ಆಯ್ಕೆ ಬಳಕೆಯನ್ನು ನೋಡಿ. ಕಲಿಯುವವರಿಗೆ, ಒರಟು ಗ್ರಾನೈಟಿಗೆ 9.8ರಿಂದ 10.2 ಮಿ.ಮೀ. ಹಗ್ಗ ಬಾಳಿಕೆ ಬರುತ್ತದೆ; 60 ಮೀಟರಿನದು 4 ಕೆ.ಜಿ. ಹತ್ತಿರ ತೂಗುತ್ತದೆ. 9.5 ಮಿ.ಮೀ.ಗಿಂತ ತೆಳುವಾದದ್ದು ಹಗುರ, ಆದರೆ ಬಿಲೇ ಮಾಡುವವರ ಕೈ ಪಳಗಿರಬೇಕು. ಎರಡು ಎಳೆಯಾಗಿ ಬಳಸುವ ಅರೆ ಹಗ್ಗಗಳು 8ರಿಂದ 9 ಮಿ.ಮೀ. ದಪ್ಪದವು, ಅಂಕುಡೊಂಕು ದಾರಿಯ ದೊಡ್ಡ ಬಂಡೆಗಳಿಗೆ ಅವು ಉಪಯುಕ್ತ.

ಶೂ

ಎಲ್ಲ ಪದ್ಧತಿಗಳಲ್ಲೂ ಬೇಕಾಗುವ, ಆದರೆ ಒಂದರಿಂದ ಇನ್ನೊಂದಕ್ಕೆ ತೀರ ಬದಲಾಗುವ ಸಾಧನ ಶೂ. ಅದರ ರಬ್ಬರ್ ಅಡಿ ಬಂಡೆಗೆ ಅಂಟಿಕೊಂಡಂತೆ ನಿಲ್ಲಬೇಕು. 1980ರ ದಶಕದ ಆರಂಭದಲ್ಲಿ ಸ್ಪೇನಿನ ಬೊರಿಯಲ್ ಕಂಪನಿಯ ಫೀರೆ ಶೂ ತಂದ ಜಿಗುಟು ರಬ್ಬರ್ ಅದಕ್ಕೆ ಮೊದಲು ಅಸಾಧ್ಯವೆನಿಸಿದ್ದ ಏರುಗಳನ್ನು ಸಾಧ್ಯವಾಗಿಸಿತು.

ಇಳಿಜಾರು ನುಣುಪು ಬಂಡೆಯಲ್ಲಿ, ಅಂದರೆ ಸ್ಲ್ಯಾಬ್‌ನಲ್ಲಿ, ಹಿಡಿಯಲು ಏನೂ ಇರುವುದಿಲ್ಲ. ಅಂಗಾಲಿನ ಮುಂಭಾಗವನ್ನು ಚಪ್ಪಟೆಯಾಗಿ ಒತ್ತಿ, ಹಿಮ್ಮಡಿ ಇಳಿಸಿ, ರಬ್ಬರಿನ ಘರ್ಷಣೆಯನ್ನೇ ನಂಬಿ ನಿಲ್ಲಬೇಕು. ಅದಕ್ಕೆ ಚಪ್ಪಟೆ ಅಡಿಯ, ಬಾಗುವ, ಇಡೀ ದಿನ ಹಾಕಿದರೂ ಬೆರಳು ನೋಯದ ಶೂ ತಕ್ಕದ್ದು. ಕಡ್ಡಿಯಷ್ಟು ಅಂಚುಗಳ ಮೇಲೆ ನಿಲ್ಲಬೇಕಾದ ನೆಟ್ಟಗಿನ ಗೋಡೆಗೆ ಗಡುಸು ಅಡಿ ಬೇಕು, ಇಲ್ಲವಾದರೆ ಬೆರಳುಗಳೇ ಇಡೀ ಭಾರ ಹೊರುತ್ತವೆ. ಮುಂದಕ್ಕೆ ಚಾಚಿದ ಬಂಡೆಗೆ ತುದಿ ಕೆಳಗೆ ಬಾಗಿದ, ಬಿಗಿಯಾದ ಶೂ. ಕಾಲು ಅದರಿಂದ ಹಿಡಿಯನ್ನು ಕೊಕ್ಕೆಯಂತೆ ಎಳೆದುಕೊಳ್ಳುತ್ತದೆ. ಬಿರುಕಿನೊಳಗೆ ಪಾದ ತುರುಕಿ ತಿರುಚುವ ಏರಿಗೆ ಬೆರಳು ನೇರ ಇರುವ, ಗಿಣ್ಣು ಮುಚ್ಚುವ ಶೂ ಒಳ್ಳೆಯದು.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಹೆಸರಾದ ಆರೋಹಿಗಳ ಕಾಲಲ್ಲಿ ನೋಡಿದ ಬಾಗು ತುದಿಯ ಶೂ ಕೊಂಡು, ಸ್ಲ್ಯಾಬ್ ಮೇಲೆ ನಿಲ್ಲಲಾರದೆ ತೊಳಲುವುದು. ಮೊದಲ ಜೋಡಿ ಚಪ್ಪಟೆ ಅಡಿಯದೇ ಆಗಿರಲಿ. ಬೆರಳು ಮುಂಭಾಗವನ್ನು ಮುಟ್ಟಬೇಕು, ಮಡಚಿ ನೋಯಬಾರದು. ತೊಗಲಿನ ಶೂ ಬಳಸುತ್ತ ಹಿಗ್ಗುತ್ತದೆ, ಸಿಂಥೆಟಿಕ್ ಅಷ್ಟಾಗಿ ಹಿಗ್ಗದು. ಸಂಜೆ ಪಾದ ಸ್ವಲ್ಪ ಊದಿರುವುದರಿಂದ ಆ ಹೊತ್ತಿಗೆ ಹಾಕಿ ನೋಡುವುದು ವಾಡಿಕೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ, ಕಲಬುರಗಿ ಕಡೆಯವರು ಮತ್ತೊಂದನ್ನು ಗಮನಿಸಬೇಕು. ಕಾದ ಬಂಡೆಯಲ್ಲಿ ರಬ್ಬರ್ ಮೆತ್ತಗಾಗಿ ಸಣ್ಣ ಅಂಚಿನಿಂದ ಜಾರುತ್ತದೆ. ಕರ್ನಾಟಕದ ಬಂಡೆಗಳಿಗೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ.

ಬೆವರಿನ ಕೈಗೆ ಬಳಸುವ ಚಾಕ್ ಪುಡಿ ಮೆಗ್ನೀಸಿಯಂ ಕಾರ್ಬೊನೇಟ್. 1950ರ ದಶಕದಲ್ಲಿ ಅಮೆರಿಕದ ಜಾನ್ ಗಿಲ್ ಅದನ್ನು ಜಿಮ್ನಾಸ್ಟಿಕ್ಸಿನಿಂದ ಬಂಡೆಗೆ ತಂದರು. ಏರಿದ ಮೇಲೆ ಬಿಳಿ ಗುರುತುಗಳನ್ನು ಮೆದು ಬ್ರಷ್ಷಿನಿಂದ ಉಜ್ಜಿ ತೆಗೆಯುವುದು ಶಿಷ್ಟಾಚಾರ. ತಂತಿ ಬ್ರಷ್ ಕಲ್ಲನ್ನೇ ಸವೆಸುತ್ತದೆ.

ಬೌಲ್ಡರಿಂಗ್: ಹಂಪಿ

ಹಗ್ಗವಿಲ್ಲದೆ, ಬಿದ್ದರೆ ನೆಲಕ್ಕೇ ಬರುವಷ್ಟು ಎತ್ತರದ ಗುಂಡುಗಳನ್ನು ಏರುವುದು ಬೌಲ್ಡರಿಂಗ್. ಹಂಪಿ, ಸಾಣಾಪುರ ಸುತ್ತಲಿನ ಗ್ರಾನೈಟ್ ಗುಂಡುಗಳು ಇದಕ್ಕೆ ಲೋಕಪ್ರಸಿದ್ಧ. ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಇಲ್ಲಿ ಏರಿದ್ದನ್ನು ತೋರಿಸುವ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ ಹೊರದೇಶದವರ ಬರವು ಹೆಚ್ಚಿತು. ಬೆಂಗಳೂರಿನವರಿಗೆ ತುರಹಳ್ಳಿ, ಹೈದರಾಬಾದಿನವರಿಗೆ ಖಾಜಾಗೂಡ ಇದೇ ಬಗೆಯ ತಾಣಗಳು.

ಇಲ್ಲಿ ಬೇಕಾದದ್ದು ಶೂ, ಚಾಕ್, ಬ್ರಷ್ ಮತ್ತು ಕ್ರ್ಯಾಶ್ ಪ್ಯಾಡ್. ಪ್ಯಾಡಿನ ಮೇಲಿನ ತೆಳು ಪದರ ಗಟ್ಟಿ ಫೋಮ್, ಕೆಳಗಿನ ದಪ್ಪ ಪದರ ಮೆದು ಫೋಮ್. ಗಟ್ಟಿ ಪದರ ಹೊಡೆತವನ್ನು ಅಗಲಕ್ಕೆ ಹರಡುತ್ತದೆ, ಮೆದು ಪದರ ಅದನ್ನು ಹೀರುತ್ತದೆ. ಪ್ಯಾಡನ್ನು ತಲೆಕೆಳಗು ಹಾಸಿದರೆ ಗಿಣ್ಣು ಮಡಚುತ್ತದೆ. ಸಾಮಾನ್ಯ ಅಳತೆ ಸುಮಾರು 1 ಮೀಟರ್ ಅಗಲ, 1.3 ಮೀಟರ್ ಉದ್ದ, 10 ಸೆಂ.ಮೀ. ದಪ್ಪ. ಮನೆಯ ಹತ್ತಿಯ ಗಾದಿ ಇದರ ಕೆಲಸ ಮಾಡದು. ಮೇಲಿನಿಂದ ಬಿದ್ದ ಮೈಗೆ ಅದು ಒಮ್ಮೆಗೇ ಒತ್ತಿಹೋಗಿ ಕೆಳಗಿನ ಕಲ್ಲನ್ನು ತಗಲಿಸುತ್ತದೆ. ಹಂಪಿಯ ಗುಂಡುಗಳ ಬುಡದಲ್ಲಿ ಸಣ್ಣ ಕಲ್ಲುಗಳು ಒತ್ತೊತ್ತಾಗಿ ಬಿದ್ದಿರುವುದರಿಂದ ಎರಡು ಮೂರು ಪ್ಯಾಡುಗಳನ್ನು ಸಂದಿಲ್ಲದೆ ಜೋಡಿಸಬೇಕಾಗುತ್ತದೆ. ಅವುಗಳನ್ನು ಹುಮನಾಬಾದಿನಿಂದ ಬಸ್ಸಿನಲ್ಲಿ ಹೊತ್ತೊಯ್ಯುವುದಕ್ಕಿಂತ ಅಲ್ಲೇ ಬಾಡಿಗೆಗೆ ಪಡೆಯುವುದು ಜಾಣತನ. ಪ್ಯಾಡ್ ಇದ್ದರೂ ಬೀಳುವವರ ತಲೆ ಬೆನ್ನು ಕಾಯುವ ಒಬ್ಬ ಜೊತೆಗಾರ ಬೇಕೇ ಬೇಕು.

ಹಂಪಿಯ ಗ್ರಾನೈಟಿನ ಹರಳು ಚೂಪು. ಎರಡು ದಿನಕ್ಕೆ ಬೆರಳ ತುದಿಯ ಚರ್ಮ ಕಿತ್ತುಬರುತ್ತದೆ. ಬಟ್ಟೆಯ ಟೇಪು, ಉಗುರು ಕತ್ತರಿಯಂಥ ಅಗ್ಗದ ವಸ್ತುಗಳು ಅಲ್ಲಿ ಶೂವಿನಷ್ಟೇ ಬೆಲೆಬಾಳುತ್ತವೆ. 1986ರಿಂದ ಹಂಪಿ ವಿಶ್ವ ಪರಂಪರೆಯ ತಾಣ. ಮಂಟಪ, ಕೆತ್ತನೆ, ಶಾಸನಗಳಿರುವ ಬಂಡೆಗಳಿಂದ ದೂರವಿರಬೇಕು.

ಸ್ಪೋರ್ಟ್ ಕ್ಲೈಂಬಿಂಗ್: ಬಾದಾಮಿ

ಮೊದಲೇ ಕೊರೆದು ಕೂರಿಸಿದ ಬೋಲ್ಟುಗಳಿಗೆ ಹಗ್ಗ ಸಿಕ್ಕಿಸುತ್ತ ಏರುವುದು ಸ್ಪೋರ್ಟ್ ಪದ್ಧತಿ. ಇದಕ್ಕೆ ಭಾರತದಲ್ಲಿ ಮೊದಲು ನೆನಪಾಗುವ ಹೆಸರು ಬಾದಾಮಿ. ಕಲಾದಗಿ ಶಿಲಾಸಮೂಹಕ್ಕೆ ಸೇರಿದ ಅಲ್ಲಿನ ಕೆಂಪು ಮರಳುಗಲ್ಲು ಗಟ್ಟಿ. ಅಡ್ಡಪಟ್ಟಿಗಳಲ್ಲಿ ಸವೆದು ಬೆರಳಿಗೆ ಒಳ್ಳೆಯ ಅಂಚುಗಳನ್ನು ಕೊಡುತ್ತದೆ, ಹಲವೆಡೆ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಫ್ರೆಂಚ್ ಶ್ರೇಣಿಯಲ್ಲಿ 8ಬಿ+ ದರ್ಜೆಯ ‘ಗಣೇಶ’ ದೇಶದ ಅತಿ ಕಠಿಣ ಏರುಗಳಲ್ಲಿ ಒಂದೆಂದು ಹೆಸರಾಗಿದೆ.

ಸಾಧನಗಳ ಪಟ್ಟಿ ಇಲ್ಲಿ ಸರಳ: 60 ಅಥವಾ 70 ಮೀಟರಿನ ಒಂಟಿ ಡೈನಮಿಕ್ ಹಗ್ಗ, ಹಾರ್ನೆಸ್, ಬಿಲೇ ಸಾಧನ, ಹೆಲ್ಮೆಟ್, ಕ್ವಿಕ್‌ಡ್ರಾಗಳು. ಗಟ್ಟಿ ಪಟ್ಟಿಯಿಂದ ಕೂಡಿಸಿದ ಎರಡು ಕ್ಯಾರಬಿನರುಗಳ, ಅಂದರೆ ಬಾಗಿಲಿರುವ ಲೋಹದ ಕೊಕ್ಕೆಗಳ, ಜೋಡಿಯೇ ಕ್ವಿಕ್‌ಡ್ರಾ. ದಾರಿಯಲ್ಲಿರುವ ಬೋಲ್ಟುಗಳ ಸಂಖ್ಯೆಗೆ ಎರಡು ಸೇರಿಸಿ ಒಯ್ಯಬೇಕು. ಬೋಲ್ಟಿಗೆ ಹಾಕುವ ಕೊಕ್ಕೆ ಮತ್ತು ಹಗ್ಗ ಹಾಕುವ ಕೊಕ್ಕೆಯನ್ನು ಅದಲುಬದಲು ಮಾಡಬಾರದು. ಬೋಲ್ಟಿನ ಲೋಹ ಕೊಕ್ಕೆಯಲ್ಲಿ ಚೂಪು ಕಚ್ಚು ಮಾಡುತ್ತದೆ, ಆ ಕಚ್ಚು ಹಗ್ಗವನ್ನು ಸವೆಸುತ್ತದೆ.

ಕ್ಯಾರಬಿನರಿನ ಮೈಮೇಲೆ ಕೆತ್ತಿದ ಅಂಕಿಗಳನ್ನು ಓದಲು ಕಲಿಯಬೇಕು. ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ತಡೆಯುವ ಸಾಮಾನ್ಯ ಕೊಕ್ಕೆ ಅಡ್ಡಕ್ಕೆ ಅಥವಾ ಬಾಗಿಲು ತೆರೆದಿದ್ದಾಗ 7ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ತಪ್ಪಾಗಿ ತಿರುಗಿದ ಕೊಕ್ಕೆಗೆ ಮೂರನೆಯ ಒಂದರಷ್ಟು ಬಲ ಮಾತ್ರ. ಬಿಲೇಗೂ ಮೇಲಿನ ಆಧಾರಕ್ಕೂ ಬೀಗವಿರುವ ಕೊಕ್ಕೆಯನ್ನೇ ಹಾಕುವುದು ಈ ಕಾರಣಕ್ಕೆ. ಕೀಲಿಗೊಂಚಲಿಗೆಂದು ಮಾರುವ ಬಣ್ಣದ ಕೊಕ್ಕೆಗಳಿಗೂ ಇವಕ್ಕೂ ನೋಟದಲ್ಲಷ್ಟೇ ಹೋಲಿಕೆ.

ಹಗ್ಗ ತಡೆಯುವ ಬಿಲೇ ಸಾಧನಗಳಲ್ಲಿ ಎರಡು ರಂಧ್ರದ ಕೊಳವೆ ಮಾದರಿ ಅಗ್ಗ, ಹಗುರ, ಎರಡೆಳೆ ಹಗ್ಗದಲ್ಲಿ ಇಳಿಯಲೂ ಬರುತ್ತದೆ. ಪೆಟ್ಜಲ್ ಕಂಪನಿ 1991ರಲ್ಲಿ ತಂದ ಗ್ರಿಗ್ರಿ ಬಗೆಯದು ಹಗ್ಗ ಜಗ್ಗಿದಾಗ ತಾನೇ ಹಿಡಿಯಲು ನೆರವಾಗುತ್ತದೆ. ಒಂದೇ ದಾರಿಯನ್ನು ಮತ್ತೆ ಮತ್ತೆ ಪ್ರಯತ್ನಿಸುವ ಬಾದಾಮಿಯಂಥಲ್ಲಿ ಬಿಲೇ ಮಾಡುವವರಿಗೆ ಅದು ಹಿತ. ಯಾವುದೇ ಆದರೂ ಕೆಳಗಿನ ಹಗ್ಗದಿಂದ ಕೈ ಬಿಡುವಂತಿಲ್ಲ. ಹಗ್ಗದ ಕೊನೆಯಲ್ಲಿ ಗಂಟು ಹಾಕದೆ ಆರೋಹಿಯನ್ನು ಇಳಿಸುವಾಗ ಕೊನೆಯೇ ಸಾಧನದಿಂದ ಜಾರಿಹೋಗಿ ಆದ ಅಪಘಾತಗಳು ಜಗತ್ತಿನಾದ್ಯಂತ ಇವೆ. ಆ ಗಂಟಿಗೆ ಬೆಲೆ ಕೊಡಬೇಕಾಗಿಲ್ಲ.

ಹಾರ್ನೆಸ್ ವಿಷಯದಲ್ಲಿ ಹುಮನಾಬಾದಿನಂಥ ಕೈಗಾರಿಕಾ ಪ್ರದೇಶದ ಊರುಗಳಲ್ಲಿ ಒಂದು ಗೊಂದಲವಿದೆ. ಸುರಕ್ಷಾ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ಐಎಸ್ 3521 ಗುರುತಿನ ಪಟ್ಟಿಗಳು ಎತ್ತರದಲ್ಲಿ ದುಡಿಯುವ ಕಾರ್ಮಿಕರಿಗಾಗಿ ಮಾಡಿದವು. ಅವುಗಳ ಮುಖ್ಯ ಉಂಗುರ ಬೆನ್ನಿನಲ್ಲಿರುತ್ತದೆ. ಬಂಡೆ ಏರುವವರಿಗೆ ಹಗ್ಗ ಹೊಟ್ಟೆಯ ಮುಂದೆ ಕಟ್ಟುವ, ಸೊಂಟ ಮತ್ತು ತೊಡೆ ಪಟ್ಟಿಗಳ ಇಎನ್ 12277 ಹಾರ್ನೆಸ್ ಬೇಕು. ಹಗ್ಗವನ್ನು ಎಂಟರ ಗಂಟಿನಿಂದ ನೇರ ಹಾರ್ನೆಸ್ಸಿಗೇ ಕಟ್ಟಬೇಕು, ನಡುವೆ ಕೊಕ್ಕೆ ಬೇಡ. ಸೊಂಟಕ್ಕಿಂತ ಹೊಟ್ಟೆ ದೊಡ್ಡದಿರುವವರು ಮತ್ತು ಚಿಕ್ಕ ಮಕ್ಕಳು ತಲೆಕೆಳಗಾದಾಗ ಸೊಂಟದ ಹಾರ್ನೆಸ್ಸಿನಿಂದ ಜಾರುವ ಸಂಭವವಿದೆ. ಅವರಿಗೆ ಎದೆಪಟ್ಟಿಯೂ ಕೂಡಿರಬೇಕು.

ಸ್ಲ್ಯಾಬ್ ಮತ್ತು ಹಲವು ಹಂತದ ಏರು

ಬೆಂಗಳೂರಿನ ಪಶ್ಚಿಮದ ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲೆ. ಹಗ್ಗದ ಒಂದು ಉದ್ದಕ್ಕೆ ಮುಗಿಯದ ‘ಬೆಳದಿಂಗಳು’ ಮುಂತಾದ ದಾರಿಗಳು ಅಲ್ಲಿವೆ. ಹೈದರಾಬಾದಿನ ಆಚೆಯ ಭುವನಗಿರಿಯೂ ಏಕಶಿಲೆಯೇ. ಅದರ ಕೋಟೆಯನ್ನು ಕಟ್ಟಿಸಿದವನು ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನೆಂದು ಪ್ರತೀತಿ. ತ್ರಿಭುವನಮಲ್ಲ ಎಂಬ ಅವನ ಬಿರುದಿನಿಂದಲೇ ಊರಿಗೆ ಆ ಹೆಸರು. ಈಗ ಅಲ್ಲಿ ಶಿಲಾರೋಹಣ ಶಾಲೆಯಿದೆ. 2014ರಲ್ಲಿ ಎವರೆಸ್ಟ್ ಏರಿದ ಬಾಲಕಿ ಮಾಲಾವತ್ ಪೂರ್ಣಾ ಮೊದಲು ತರಬೇತಿ ಪಡೆದದ್ದು ಅಲ್ಲಿಯೇ. ಬಸವಕಲ್ಯಾಣದವರಿಗೆ ಸಾವನದುರ್ಗಕ್ಕಿಂತ ಬಹಳ ಹತ್ತಿರದ ಗ್ರಾನೈಟ್ ಇದು.

ಇಂಥ ಬಂಡೆಗಳಲ್ಲಿ ಬೋಲ್ಟುಗಳ ನಡುವಿನ ಅಂತರ ದೊಡ್ಡದು. ಜಾರಿದವರು ಗಾಳಿಯಲ್ಲಿ ಬೀಳುವುದಿಲ್ಲ, ಒರಟು ಕಲ್ಲಿನ ಮೇಲೆ ಉಜ್ಜುತ್ತ ಬರುತ್ತಾರೆ. ಆದ್ದರಿಂದ ಉದ್ದ ಪ್ಯಾಂಟು, ಹೆಲ್ಮೆಟ್ ಅಗತ್ಯ. ಇಳಿಯಲು 60 ಮೀಟರಿನ ಒಂದು ಹಗ್ಗವನ್ನು ಮಡಚಿದರೆ 30 ಮೀಟರ್ ಮಾತ್ರ ಸಿಗುತ್ತದೆ. ಎರಡು ಹಗ್ಗಗಳನ್ನು ಗಂಟು ಹಾಕಿದರೆ ಪೂರ್ತಿ 60. ಪ್ರತಿಯೊಬ್ಬರ ಬಳಿಯೂ ಬೀಗದ ಕೊಕ್ಕೆಗಳು, 120 ಸೆಂ.ಮೀ. ಪಟ್ಟಿ, ಹಿಡಿತದ ಗಂಟು ಹಾಕಲು ತೆಳು ಹುರಿ, ಎರಡನೆಯವರನ್ನು ಮೇಲಿನಿಂದ ಬಿಲೇ ಮಾಡಲು ಬರುವ ಕೊಳವೆ ಸಾಧನ, ನೀರು ಇರಬೇಕು.

ಇಲ್ಲಿ ಎರಡು ಹಗ್ಗ ಒಯ್ಯಲು ಇನ್ನೊಂದು ಕಾರಣ ಹೆಜ್ಜೇನು. ದಕ್ಷಿಣ ಕರ್ನಾಟಕದ ಎತ್ತರದ ಬಂಡೆಗಳ ಚಾಚಿನಡಿ ಅವು ಗೂಡು ಕಟ್ಟುತ್ತವೆ, ಎದ್ದರೆ ಹಗ್ಗದಲ್ಲಿ ತೂಗುತ್ತಿರುವವರಿಗೆ ಓಡಲು ಜಾಗವಿಲ್ಲ. ಗೂಡಿರುವ ದಾರಿಯನ್ನು ಬಿಡುವುದು, ತುಂಬುತೋಳಿನ ಅಂಗಿ, ಬೇಗ ಇಳಿಯುವಷ್ಟು ಹಗ್ಗ, ಇಷ್ಟೇ ಉಪಾಯ. ‘ಶೋಲೆ’ ಚಿತ್ರೀಕರಣದಿಂದ ಹೆಸರಾದ ರಾಮನಗರದ ಬಂಡೆಗಳಲ್ಲಿಯೂ ಇದೇ ಎಚ್ಚರ ಸಲ್ಲುತ್ತದೆ. ಅಲ್ಲಿನ ರಾಮದೇವರಬೆಟ್ಟ 2012ರಿಂದ ರಣಹದ್ದು ಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಗೂಡುಕಟ್ಟುವ ಕಡಿದುಗಳಿಗೆ ಆರೋಹಿಗಳು ಹೋಗಬಾರದು.

ಟ್ರಾಡ್ ಪದ್ಧತಿ ಮತ್ತು ಸಹ್ಯಾದ್ರಿ

ಬೋಲ್ಟಿಲ್ಲದ ಬಂಡೆಯಲ್ಲಿ ಆರೋಹಿ ತಾನೇ ಬಿರುಕುಗಳಿಗೆ ಆಧಾರ ಸಿಕ್ಕಿಸುತ್ತ ಏರುವುದು ಸಾಂಪ್ರದಾಯಿಕ ಪದ್ಧತಿ, ಆಡುಮಾತಿನಲ್ಲಿ ಟ್ರಾಡ್. ಹಿಂದೆ ಬರುವವರು ಆಧಾರಗಳನ್ನು ಕಳಚಿ ತರುತ್ತಾರೆ. ಇದು ಸಾಧನಗಳ ದೃಷ್ಟಿಯಿಂದ ಅತ್ಯಂತ ದುಬಾರಿ, ಕಲಿಕೆಯ ದೃಷ್ಟಿಯಿಂದ ಅತ್ಯಂತ ನಿಧಾನ. ನಟ್ ಎಂಬುದು ತಂತಿ ಕಟ್ಟಿದ ಲೋಹದ ಬೆಣೆ. ಬ್ರಿಟನ್ನಿನ ಆರೋಹಿಗಳು ರೈಲುಹಳಿಯ ಬದಿಯಲ್ಲಿ ಹೆಕ್ಕಿದ ಯಂತ್ರದ ನಟ್ಟುಗಳಿಗೆ ಹುರಿ ಪೋಣಿಸಿ ಬಳಸಿದ್ದರಿಂದ ಆ ಹೆಸರು ಉಳಿದಿದೆ. ಕೆಳಗೆ ಕಿರಿದಾಗುವ ಬಿರುಕಿಗೆ ಅದು ಸಾಕು. ಎರಡೂ ಬದಿ ಸಮಾನಾಂತರ ಇರುವ ಬಿರುಕಿಗೆ ಕ್ಯಾಮ್ ಬೇಕು. ಅಮೆರಿಕದ ರೇ ಜಾರ್ಡೀನ್ ರೂಪಿಸಿದ ಇದು 1978ರಲ್ಲಿ ‘ಫ್ರೆಂಡ್ಸ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಸುರುಳಿಯಾಕಾರದ ಅದರ ಹಲ್ಲುಗಳು ಕೆಳಕ್ಕೆ ಜಗ್ಗಿದಷ್ಟೂ ಪಕ್ಕಕ್ಕೆ ಒತ್ತುತ್ತವೆ. ಪ್ರತಿ ಗೋಡೆಯ ಮೇಲಿನ ಒತ್ತಡ ಜಗ್ಗಿದ ಬಲದ ಸುಮಾರು ಎರಡರಷ್ಟು. ಗ್ರಾನೈಟ್ ಅದನ್ನು ತಾಳುತ್ತದೆ. ಪೊಳ್ಳು ಜಂಬಿಟ್ಟಿಗೆಯಾಗಲಿ ಬಸಾಲ್ಟಿನ ಸಡಿಲ ಪದರವಾಗಲಿ ಪುಡಿಯಾಗುತ್ತದೆ.

ಸಹ್ಯಾದ್ರಿಯ ಹರಿಶ್ಚಂದ್ರಗಡದ ಕೊಂಕಣಕಡಾ, ಖಂಡಾಲಾ ಬಳಿಯ ನಾಗಫಣಿ ಮುಂತಾದ ಕಡಿದುಗಳು ಕಲ್ಯಾಣದ ನೆಲದಡಿಯ ಅದೇ ಬಸಾಲ್ಟಿನವು. ಗಟ್ಟಿ ಪದರದ ನಡುವೆ ಹುಲ್ಲು ಬೆಳೆದ ಮೆಟ್ಟಿಲುಗಳು, ಅಲುಗುವ ಕಲ್ಲುಗಳು. ಅಲ್ಲಿ ಸುತ್ತಿಗೆಯಿಂದ ಹೊಡೆದು ಕೂರಿಸುವ ಪಿಟಾನ್ ಗೂಟಗಳು ಬಹುಕಾಲ ಬಳಕೆಯಲ್ಲಿದ್ದವು. ಹಳೆಯ ಗೂಟ, ಬೋಲ್ಟುಗಳು ಮಳೆಗೆ ತುಕ್ಕು ಹಿಡಿದಿರುವುದರಿಂದ ಅವನ್ನೇ ನಂಬಿ ಹೋಗುವುದು ಸಲ್ಲದು. ಹೆಲ್ಮೆಟ್ಟಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದೂ ಇಲ್ಲೇ, ಹತ್ತುವವರಿಗೂ ಕೆಳಗೆ ನಿಂತವರಿಗೂ. ಇಎನ್ 12492 ಗುರುತಿನದು ಮೇಲಿನಿಂದ ಬೀಳುವ ಕಲ್ಲನ್ನು ಗಮನದಲ್ಲಿಟ್ಟು ಮಾಡಿದ್ದು. ಬೈಕಿನ ಹೆಲ್ಮೆಟ್ ಭಾರ, ಕಿವಿ ಮುಚ್ಚುತ್ತದೆ, ಮೇಲೆ ನೋಡಲು ಬಿಡುವುದಿಲ್ಲ. ಹಗ್ಗ ಹಿಡಿದವರ ಕೂಗು ಕೇಳಿಸದಿದ್ದರೆ ಅದೇ ಒಂದು ಅಪಾಯ.

ಟಾಪ್ ರೋಪ್ ಮತ್ತು ಕೃತಕ ಗೋಡೆ

ಮೇಲಿನ ಆಧಾರದಿಂದ ಹಗ್ಗ ಇಳಿಬಿಟ್ಟು ಏರುವ ಟಾಪ್ ರೋಪ್ ಕಲಿಯುವವರಿಗೆ ಹೇಳಿಮಾಡಿಸಿದ ಪದ್ಧತಿ. ಆಧಾರಕ್ಕೆ ಸ್ಟ್ಯಾಟಿಕ್ ಹಗ್ಗ ಅಥವಾ ಪಟ್ಟಿ, ಎದುರುಬದುರಾಗಿ ಇಟ್ಟ ಎರಡು ಬೀಗದ ಕೊಕ್ಕೆಗಳು, ಬಂಡೆಯ ಅಂಚಿಗೆ ದಪ್ಪ ಕ್ಯಾನ್ವಾಸ್ ಇದ್ದರೆ ಆಯಿತು. ಕೃತಕ ಗೋಡೆಯಲ್ಲಿ ಹಗ್ಗ, ಬಿಲೇ ಸಾಧನಗಳನ್ನು ಸಾಮಾನ್ಯವಾಗಿ ಅಲ್ಲಿಯೇ ಕೊಡುತ್ತಾರೆ; ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಗೋಡೆ ರಾಜ್ಯದ ಅನೇಕ ಸ್ಪರ್ಧಾಳುಗಳನ್ನು ಪಳಗಿಸಿದೆ. ಟೋಕಿಯೊ ಕೂಟದಿಂದ ಒಲಿಂಪಿಕ್ಸ್ ಸೇರಿದ ಈ ಕ್ರೀಡೆಯ ವೇಗದ ವಿಭಾಗದಲ್ಲಿ ಗೋಡೆ 15 ಮೀಟರ್, ಹಿಡಿಗಳು ಜಗತ್ತಿನೆಲ್ಲೆಡೆ ಒಂದೇ. ಅಲ್ಲಿ ಹಗುರ, ಚಪ್ಪಟೆ ಶೂಗೆ ಪ್ರಾಶಸ್ತ್ಯ.

ಹಗ್ಗವೇ ಇಲ್ಲದೆ ಎತ್ತರ ಏರುವವರೂ ಇದ್ದಾರೆ. ಚಿತ್ರದುರ್ಗದ ಕೋಟೆ ಗೋಡೆಗಳನ್ನು ಬರಿಗೈಯಲ್ಲಿ ಹತ್ತಿ ‘ಕೋತಿರಾಜ್’ ಎಂದು ಹೆಸರಾದ ಜ್ಯೋತಿರಾಜ್ ಕನ್ನಡಿಗರಿಗೆಲ್ಲ ಗೊತ್ತು. ಅದು ಅಪರೂಪದ ಒಬ್ಬರ ಸಾಮರ್ಥ್ಯ; ಆರಂಭಿಕರಿಗೆ ಮಾದರಿಯಲ್ಲ.

ಪರೀಕ್ಷೆ, ಜೋಪಾನ, ಖರೀದಿ

ಸಾಧನದ ಮೇಲೆ ಸಿಇ ಗುರುತು, ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ, ಇಎನ್ ಗುರುತು ಅಥವಾ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ ಯುಐಎಎ ಗುರುತು, ತಯಾರಿಕೆಯ ವರ್ಷ ಇವೆಯೇ ನೋಡಬೇಕು. ಬರೀ ಸಿಇ ಎಂದು ಮುದ್ರಿಸುವುದು ನಕಲು ಮಾಡುವವರಿಗೆ ಕಷ್ಟವೇನಲ್ಲ.

ನೈಲಾನಿನ ಶತ್ರುಗಳು ಬಿಸಿಲು, ಮರಳು, ಆಮ್ಲ. ಮರಳಿನ ಕಣ ಕವಚದೊಳಗೆ ಸೇರಿ ಎಳೆಗಳನ್ನು ಕೊಯ್ಯುತ್ತದೆ. ಬಾದಾಮಿಯಲ್ಲಿ ಹಗ್ಗವನ್ನು ನೆಲಕ್ಕೆ ಬಿಡದೆ ಚೀಲದ ಹಾಸಿನ ಮೇಲೆ ಸುರಿಯುವುದು ಅದಕ್ಕೇ. ಆಮ್ಲ ಇನ್ನೂ ಮೋಸದ್ದು. ಬ್ಯಾಟರಿಯ ಆಮ್ಲ ಅಥವಾ ಅದರ ಆವಿ ತಾಗಿದ ಹಗ್ಗ ಹೊರಗೆ ಚೆನ್ನಾಗಿಯೇ ಕಂಡು ಒಳಗೆ ಬಲಗುಂದಿರುತ್ತದೆ. ಮನೆಯ ಇನ್ವರ್ಟರ್ ಇಟ್ಟ ಕೋಣೆಯಲ್ಲಾಗಲಿ ವಾಹನದ ಬ್ಯಾಟರಿಯ ಬಳಿಯಲ್ಲಾಗಲಿ ಹಗ್ಗ, ಹಾರ್ನೆಸ್ ಇಡಬಾರದು. ಒಮ್ಮೆಯೂ ಬಳಸದಿದ್ದರೂ ಹೆಚ್ಚಿನ ತಯಾರಕರು ಬಟ್ಟೆಯ ಸಾಧನಗಳಿಗೆ 10 ವರ್ಷದ ಮಿತಿ ಹಾಕಿದ್ದಾರೆ. ಕವಚ ಹರಿದು ತಿರುಳು ಕಂಡರೆ, ಬೆರಳಿಗೆ ಟೊಳ್ಳು ಭಾಗ ಸಿಕ್ಕರೆ, ಭಾರೀ ಬೀಳು ತಡೆದಿದ್ದರೆ ವರ್ಷದ ಲೆಕ್ಕ ನೋಡದೆ ತೆಗೆದುಹಾಕಬೇಕು.

ಕೊಳ್ಳುವ ಕ್ರಮ ಹೀಗಿರಬಹುದು: ಮೊದಲು ಶೂ ಮತ್ತು ಚಾಕ್, ಬಳಿಕ ಹಾರ್ನೆಸ್, ಹೆಲ್ಮೆಟ್, ಬಿಲೇ ಸಾಧನ ಮತ್ತು ಒಂದು ಬೀಗದ ಕೊಕ್ಕೆ. ಹಗ್ಗ, ಕ್ವಿಕ್‌ಡ್ರಾಗಳನ್ನು ಜೊತೆಗಾರರು ಹಂಚಿಕೊಂಡು ಕೊಳ್ಳಬಹುದು. ನಟ್ಟು, ಕ್ಯಾಮುಗಳಿಗೆ ಅನುಭವಿಗಳ ಹಿಂದೆ ಹತ್ತಿ ಅವರು ಇಟ್ಟದ್ದನ್ನು ಕಳಚುತ್ತ ಕಲಿತ ಮೇಲೆ ಹಣ ಹಾಕಿದರೆ ಸಾಕು. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳ ತರಬೇತಿಯಲ್ಲಿ ಸಾಧನಗಳನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಕೊಳ್ಳುವುದು ಉಳಿತಾಯದ ದಾರಿಯೂ ಹೌದು. ಇನ್ನೊಬ್ಬರು ಬಳಸಿದ ಶೂ, ಕ್ರ್ಯಾಶ್ ಪ್ಯಾಡುಗಳನ್ನು ಧಾರಾಳವಾಗಿ ಕೊಳ್ಳಬಹುದು. ಇತಿಹಾಸ ಗೊತ್ತಿಲ್ಲದ ಹಗ್ಗ, ಹಾರ್ನೆಸ್, ಪಟ್ಟಿಗಳನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬಾರದು.